ಹಳೆಯ ಗಣಕಕ್ಕೆ ಹೊಸ ಕಿವಿ

ಹೆಬ್ಬೆರಳಿನ ಉಗುರಿಗಿಂತ ಕೊಂಚ ದೊಡ್ಡದಾದ ಒಂದು ಪುಟ್ಟ ಸಾಧನ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಬ್ಬಿಯ ಮೇಲೆ 'ಯುಎಸ್‌ಬಿ ವೈರ್‌ಲೆಸ್ ಅಡಾಪ್ಟರ್' ಎಂದು ಅಚ್ಚಾಗಿದ್ದರೂ ಅಂಗಡಿಯವರ ಬಾಯಲ್ಲಿ ಇದು ಬರೀ 'ವೈಫೈ ಡಾಂಗಲ್'. ತಂತಿಯಿಲ್ಲದೆ ಇಂಟರ್‌ನೆಟ್ ಪಡೆಯುವ ಸೌಕರ್ಯ ಇಲ್ಲದ ಹಳೆಯ ಕಂಪ್ಯೂಟರಿಗೆ ಇದನ್ನು ಚುಚ್ಚಿದರೆ ಸಾಕು, ಅದಕ್ಕೊಂದು ಹೊಸ ಕಿವಿ ಬಂದಂತೆ. ಗಾಳಿಯಲ್ಲಿ ತೇಲಿಬರುವ ರೇಡಿಯೊ ಅಲೆಗಳನ್ನು ಅದು ಕೇಳಬಲ್ಲದು, ತಾನೂ ಮಾತನಾಡಬಲ್ಲದು.

ಆದರೆ ಇದು ಡಬ್ಬಿಯ ಮೇಲಿನ ಮಾತು. ಮನೆಗೆ ತಂದು ಚುಚ್ಚಿದಾಗ ನಡೆಯುವುದೇ ಬೇರೆ. ಸಾಧನದ ಪುಟ್ಟ ದೀಪ ಒಮ್ಮೆ ಮಿನುಗುತ್ತದೆ, 'ಗುರುತು ಸಿಗದ ಸಾಧನ' ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ, ಅಲ್ಲಿಗೆ ಎಲ್ಲವೂ ನಿಂತುಬಿಡುತ್ತದೆ. ಅದೇ ಕಿಂಡಿಗೆ ಮೌಸ್ ಚುಚ್ಚಿದರೆ ಕ್ಷಣದಲ್ಲಿ ಕೆಲಸ ಮಾಡುತ್ತದೆ, ಪೆನ್ ಡ್ರೈವ್ ಕೂಡ ಹಾಗೆಯೇ. ಈ ಸಾಧನ ಮಾತ್ರ ಏಕೆ ಮೊಂಡು ಹಿಡಿಯುತ್ತದೆ?

ಉತ್ತರಕ್ಕಾಗಿ ಮೂರು ಬೇರೆ ಬೇರೆ ಚರಿತ್ರೆಗಳತ್ತ ನೋಡಬೇಕು. ಒಂದು ರೇಡಿಯೊ ಅಲೆಗಳದು, ಇನ್ನೊಂದು ಕಂಪ್ಯೂಟರಿನ ಕಿಂಡಿಯದು. ಮೂರನೆಯದು, ಒಬ್ಬರು ತಯಾರಿಸಿದ ಯಂತ್ರಕ್ಕೆ ಇನ್ನೊಬ್ಬರು ತಯಾರಿಸಿದ ಭಾಗವನ್ನು ಜೋಡಿಸುವ ಹಕ್ಕಿನ ಚರಿತ್ರೆ. ಈ ಮೂರೂ ಆ ಹೆಬ್ಬೆರಳು ಗಾತ್ರದ ಸಾಧನದಲ್ಲಿ ಬಂದು ಸೇರುತ್ತವೆ.

ದ್ವೀಪಗಳ ನಡುವೆ ಹುಟ್ಟಿದ ಉಪಾಯ

ಕಂಪ್ಯೂಟರುಗಳು ತಂತಿಯಿಲ್ಲದೆ ಮಾತನಾಡಲು ಕಲಿತದ್ದು ಶಾಂತ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರು ಒಂದು ದ್ವೀಪದಲ್ಲಿ, ಅದನ್ನು ಬಳಸಬೇಕಾದ ಕಾಲೇಜುಗಳು ಬೇರೆ ದ್ವೀಪಗಳಲ್ಲಿ. ನಡುವೆ ಸಮುದ್ರ. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಸಂಗಡಿಗರು ಇದಕ್ಕೆ ರೇಡಿಯೊ ಸಂಪರ್ಕವನ್ನು ಆರಿಸಿಕೊಂಡರು. 1971ರಲ್ಲಿ ಆರಂಭವಾದ ಈ ಜಾಲಕ್ಕೆ ಅಲ್ಲಿನ ಭಾಷೆಯ ನಮಸ್ಕಾರದ ಪದವನ್ನೇ ಹೆಸರಾಗಿಟ್ಟು 'ಅಲೋಹಾನೆಟ್' ಎಂದು ಕರೆದರು.

ಅವರ ಉಪಾಯ ಸರಳವಾಗಿತ್ತು. ಎಲ್ಲರಿಗೂ ಒಂದೇ ತರಂಗಾಂತರ. ಯಾರಿಗೆ ಮಾತನಾಡಬೇಕೋ ಅವರು ಮಾತನಾಡಲಿ. ಅರಳಿಕಟ್ಟೆಯ ಮೇಲೆ ಕುಳಿತು ಹರಟುವಾಗ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗುತ್ತಾರೆ, ಬಳಿಕ ಒಬ್ಬರು ಮೊದಲು ಆರಂಭಿಸುತ್ತಾರೆ. ಇಲ್ಲಿಯೂ ಅಷ್ಟೇ: ಎರಡು ಸಂದೇಶಗಳು ಡಿಕ್ಕಿ ಹೊಡೆದರೆ ಎರಡೂ ಕಡೆಯವರು ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕಳಿಸುವುದು. ಮುಂದೆ ತಂತಿಯ ಜಾಲವಾದ ಈಥರ್‌ನೆಟ್‌ಗೂ, ಇಂದಿನ ವೈಫೈಗೂ ಈ ತತ್ತ್ವವೇ ಬೀಜವಾಯಿತು. ವೈಫೈ ಒಂದು ಹೆಜ್ಜೆ ಮುಂದೆ ಹೋಗಿ, ಮಾತನಾಡುವ ಮೊದಲೇ ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೇಳುತ್ತದೆ.

ಉಪಾಯವೇನೋ ಇತ್ತು, ಆದರೆ ಜನಸಾಮಾನ್ಯರು ಬಳಸಲು ತರಂಗಾಂತರವೇ ಇರಲಿಲ್ಲ. ರೇಡಿಯೊ ತರಂಗಾಂತರಗಳು ಬಹುತೇಕ ದೇಶಗಳಲ್ಲಿ ಸರ್ಕಾರದ ಹತೋಟಿಯಲ್ಲಿದ್ದವು. ಸಾಮಾನ್ಯವಾಗಿ ಪರವಾನಗಿ ಇಲ್ಲದೆ ಮುಟ್ಟುವಂತಿರಲಿಲ್ಲ. ಈ ಕಟ್ಟು ಸಡಿಲವಾದದ್ದು 1985ರಲ್ಲಿ. ಅಮೆರಿಕದ ಸಂಪರ್ಕ ಆಯೋಗ ಅಲ್ಲಿಯತನಕ ಕೈಗಾರಿಕೆ, ವೈದ್ಯಕೀಯ ಸಲಕರಣೆಗಳಿಗೆ ಬಿಟ್ಟಿದ್ದ ಮೂರು ಪಟ್ಟಿಗಳನ್ನು ಪರವಾನಗಿಯಿಲ್ಲದ ಸಂಪರ್ಕ ಸಾಧನಗಳಿಗೂ ತೆರೆಯಿತು. ಇದರ ಹಿಂದೆ ದುಡಿದವರು ಆಯೋಗದ ಎಂಜಿನಿಯರ್ ಮೈಕೆಲ್ ಮಾರ್ಕಸ್. ಆ ಮೂರರಲ್ಲಿ ಒಂದು 2.4 ಗಿಗಾಹರ್ಟ್ಸ್‌ನ ಪಟ್ಟಿ, ಅಂದರೆ ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವ ಜಾಗ. ದೊಡ್ಡ ಸಂಸ್ಥೆಗಳಾರೂ ಬೇಡವೆಂದು ಬಿಟ್ಟಿದ್ದ ಆ 'ಕಸದ' ಪಟ್ಟಿಯಲ್ಲಿಯೇ ಇಂದು ಜಗತ್ತಿನ ಅರ್ಧ ಮಾತುಕತೆ ನಡೆಯುತ್ತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಈ ಅವಕಾಶವನ್ನು ಮೊದಲು ಹಿಡಿದವರಲ್ಲಿ ಎನ್‌ಸಿಆರ್ ಒಂದು. ಅದು ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿ. ಅಂಗಡಿಯ ಒಳವಿನ್ಯಾಸ ಬದಲಾದಾಗಲೆಲ್ಲ ಯಂತ್ರಗಳ ತಂತಿಗಳನ್ನೂ ಕಿತ್ತು ಹಾಸಬೇಕಿತ್ತು. ಆ ಗೋಳನ್ನು ತಪ್ಪಿಸಲು ಅದರ ನೆದರ್‌ಲ್ಯಾಂಡ್ಸ್ ಶಾಖೆಯ ಎಂಜಿನಿಯರುಗಳು ರೇಡಿಯೊ ಜಾಲವನ್ನು ರೂಪಿಸಿದರು. ಅಲ್ಲಿನ ವಿಕ್ ಹೇಯ್ಸ್ ಅವರೇ ಮುಂದೆ ಎಲ್ಲ ತಯಾರಕರೂ ಒಪ್ಪುವ ಒಂದು ಮಾನದಂಡ ರಚಿಸುವ ಸಮಿತಿಯ ಅಧ್ಯಕ್ಷರಾದರು. 1997ರಲ್ಲಿ ಹೊರಬಂದ ಆ ಮಾನದಂಡದ ಹೆಸರು '802.11'. ಇಂಥ ಹೆಸರನ್ನು ಯಾರು ನೆನಪಿಟ್ಟಾರು? 1999ರಲ್ಲಿ ಕಂಪನಿಗಳ ಒಕ್ಕೂಟವೊಂದು ಹೆಸರಿಡುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಯ ಮೊರೆಹೊಕ್ಕಿತು. ಹಾಗೆ ಬಂದದ್ದು 'ವೈಫೈ'. ಅದು ಯಾವುದರ ಸಂಕ್ಷೇಪವೂ ಅಲ್ಲ, ಕಿವಿಗೆ ಇಂಪಾಗಲೆಂದು ಹೊಸೆದ ಶಬ್ದ ಅಷ್ಟೇ.

ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಬಿಗಿ ಬಹುಕಾಲ ಉಳಿದಿತ್ತು. ಮನೆಯ ರೇಡಿಯೊ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಅಂಗಡಿಯಲ್ಲಿ ಡಾಂಗಲನ್ನು ಬಿಸ್ಕತ್ತಿನ ಪೊಟ್ಟಣದಂತೆ ಕೊಳ್ಳಲು ಸಾಧ್ಯವಾಗಿರುವುದರ ಹಿಂದೆ ಈ ಆದೇಶವಿದೆ.

ಕಿಂಡಿಯ ಕತೆ

ಇನ್ನು ಕಂಪ್ಯೂಟರಿನ ಕಿಂಡಿಗೆ ಬರೋಣ. 1990ರ ದಶಕದ ಮಧ್ಯಭಾಗದ ತನಕ ಕಂಪ್ಯೂಟರಿನ ಬೆನ್ನು ನೋಡಿದವರಿಗೆ ತಲೆ ತಿರುಗುತ್ತಿತ್ತು. ಕೀಲಿಮಣೆಗೆ ಒಂದು ಆಕಾರದ ಕಿಂಡಿ, ಪ್ರಿಂಟರಿಗೆ ಇನ್ನೊಂದು, ಮೋಡೆಮ್ಮಿಗೆ ಮತ್ತೊಂದು. ಹೊಸ ಸಾಧನ ಸೇರಿಸಬೇಕಾದರೆ ಪೆಟ್ಟಿಗೆಯ ತಿರುಪು ಬಿಚ್ಚಿ, ಕಾರ್ಡು ಕೂರಿಸಿ, ಎರಡು ಕಾರ್ಡುಗಳು ಒಂದೇ ವಿಳಾಸಕ್ಕೆ ಜಗಳವಾಡದಂತೆ ಸಣ್ಣ ಸಣ್ಣ ಕಡ್ಡಿಗಳನ್ನು ಅತ್ತಿತ್ತ ಬದಲಿಸಬೇಕಿತ್ತು.

ಈ ಗೊಂದಲಕ್ಕೆ ಕೊನೆ ಹಾಡಲು ಇಂಟೆಲ್, ಮೈಕ್ರೋಸಾಫ್ಟ್, ಕಾಂಪ್ಯಾಕ್, ಐಬಿಎಂ ಮೊದಲಾದ ಏಳು ಕಂಪನಿಗಳು ಒಟ್ಟಾದವು. 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಇದರ ಹಿಂದಿನ ಇಂಟೆಲ್ ತಂಡದ ಪ್ರಮುಖರಲ್ಲಿ ಒಬ್ಬರು ವಡೋದರಾದ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ ಅಜಯ್ ಭಟ್ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆರಂಭದ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಬಂದ ಎರಡನೆಯ ಆವೃತ್ತಿ ಅದನ್ನು 480ಕ್ಕೆ ಏರಿಸಿತು. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಇದನ್ನು ಗಮನಿಸಬೇಕು: ಡಾಂಗಲಿನ ಮೇಲೆ 300 ಎಂದು ಬರೆದಿದ್ದರೂ ಕಿಂಡಿ ಮೊದಲ ಪೀಳಿಗೆಯದಾದರೆ 12ಕ್ಕಿಂತ ಹೆಚ್ಚು ಸಾಗದು. ಚರಂಡಿಯ ಬಾಯಿ ಕಿರಿದಾದರೆ ಕೆರೆ ಎಷ್ಟು ದೊಡ್ಡದಿದ್ದರೇನು?

ಯುಎಸ್‌ಬಿಯ ಜಾಣತನವಿರುವುದು ಅದರ ವಿಚಾರಣೆಯಲ್ಲಿ. ಹೊಸ ಸಾಧನವೊಂದು ಬಂದು ಕೂತ ಕೂಡಲೇ ಕಂಪ್ಯೂಟರು ಅದರ ಕುಲಗೋತ್ರ ಕೇಳುತ್ತದೆ. ಸಾಧನ ಎರಡು ಸಂಖ್ಯೆಗಳನ್ನು ಹೇಳುತ್ತದೆ. ಮೊದಲನೆಯದು ತಯಾರಕರ ಗುರುತು, ಎರಡನೆಯದು ಸರಕಿನ ಗುರುತು. ಇಂಟೆಲ್ ಕಂಪನಿ ತನ್ನ ಗುರುತಾಗಿ ಆರಿಸಿಕೊಂಡದ್ದು 8086, ಅಂದರೆ 1978ರಲ್ಲಿ ತಾನೇ ತಂದ ಪ್ರಸಿದ್ಧ ಪ್ರೊಸೆಸರಿನ ಹೆಸರು. ಇದರ ಜೊತೆಗೆ ಸಾಧನ ತಾನು ಯಾವ ವರ್ಗಕ್ಕೆ ಸೇರಿದ್ದೆಂದೂ ಹೇಳಬಹುದು. ಮೌಸ್, ಕೀಲಿಮಣೆಗಳಿಗೆ ಒಂದು ವರ್ಗವಿದೆ. ಪೆನ್ ಡ್ರೈವಿಗೆ ಇನ್ನೊಂದು. ಆ ವರ್ಗದವರೆಲ್ಲ ಒಂದೇ ಭಾಷೆ ಆಡುವುದರಿಂದ ಕಂಪ್ಯೂಟರಿಗೆ ಒಬ್ಬನೇ ದುಭಾಷಿ ಸಾಕು.

ವೈಫೈ ಡಾಂಗಲುಗಳು ಎಡವುವುದು ಇಲ್ಲಿಯೇ. ಇವು 'ನನ್ನದು ನನ್ನ ತಯಾರಕರ ಸ್ವಂತ ಭಾಷೆ' ಎನ್ನುತ್ತವೆ. ಗಾಳಿಯಲ್ಲಿ ಎಲ್ಲ ಡಾಂಗಲುಗಳೂ ಒಂದೇ ಮಾನದಂಡದಂತೆ ನಡೆದುಕೊಂಡರೂ ಕಂಪ್ಯೂಟರಿನೊಂದಿಗೆ ಮಾತ್ರ ಒಂದೊಂದು ಚಿಪ್ಪಿಗೂ ಒಂದೊಂದು ಭಾಷೆ. ಆನೆ ಎಷ್ಟೇ ಬಲಶಾಲಿಯಾದರೂ ಅದರ ಮಾತು ಬಲ್ಲ ಮಾವುತ ಬೇಕು. ಆ ಮಾವುತನೇ ಡ್ರೈವರ್ ಎಂಬ ಚಾಲಕ ತಂತ್ರಾಂಶ. ಮೌಸಿಗೆ ಎಲ್ಲೆಡೆ ಮಾವುತರಿದ್ದಾರೆ. ಡಾಂಗಲಿಗೆ ಅದರ ಕಂಪನಿ ಕಳಿಸಿದವನೇ ಬರಬೇಕು. ಕಂಪನಿ ಕಳಿಸದಿದ್ದರೆ?

ಬೇರೆಯವರ ಭಾಗ ಜೋಡಿಸುವ ಹಕ್ಕು

ಈ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ದೂರವಾಣಿಯ ಏಕಸ್ವಾಮ್ಯ ಹೊಂದಿದ್ದ ಎಟಿ ಅಂಡ್ ಟಿ ಕಂಪನಿ ತನ್ನ ಫೋನಿಗೆ ಹೊರಗಿನವರ ಯಾವ ವಸ್ತುವನ್ನೂ ಜೋಡಿಸಬಾರದೆಂದು ನಿಯಮ ಮಾಡಿತ್ತು. ಮಾತು ಅಕ್ಕಪಕ್ಕದವರಿಗೆ ಕೇಳದಂತೆ ಫೋನಿನ ಬಾಯಿಗೆ ಸಿಕ್ಕಿಸುವ 'ಹಶ್-ಎ-ಫೋನ್' ಎಂಬ ಸಣ್ಣ ಬಟ್ಟಲಿಗೂ ಅದು ತಕರಾರು ತೆಗೆಯಿತು. ಆ ಬಟ್ಟಲಿನಲ್ಲಿ ವಿದ್ಯುತ್ತೂ ಇರಲಿಲ್ಲ, ತಂತಿಯೂ ಇರಲಿಲ್ಲ. 1956ರಲ್ಲಿ ನ್ಯಾಯಾಲಯ ಬಟ್ಟಲಿನವರ ಪರವಾಗಿ ತೀರ್ಪಿತ್ತಿತು.

ಮುಂದಿನ ಹೆಜ್ಜೆ ಇಟ್ಟವರು ಟೆಕ್ಸಸ್‌ನ ಥಾಮಸ್ ಕಾರ್ಟರ್. ದೂರದ ತೈಲ ಕ್ಷೇತ್ರಗಳಲ್ಲಿರುವವರು ತಮ್ಮ ರೇಡಿಯೊದಿಂದಲೇ ಫೋನಿನಲ್ಲಿ ಮಾತನಾಡುವಂತೆ ಮಾಡುವ 'ಕಾರ್ಟರ್‌ಫೋನ್' ಅವರ ಸಾಧನ. ಫೋನಿನ ರಿಸೀವರನ್ನು ಅದರ ತೊಟ್ಟಿಲಲ್ಲಿ ಮಲಗಿಸಿದರೆ ಸಾಕಿತ್ತು. ಕಂಪನಿ ಬೆದರಿಸಿತು, ಕಾರ್ಟರ್ ಬಗ್ಗಲಿಲ್ಲ. 1968ರಲ್ಲಿ ಸಂಪರ್ಕ ಆಯೋಗ ಕೊಟ್ಟ ನಿರ್ಣಯ ಐತಿಹಾಸಿಕವಾದದ್ದು: ಜಾಲಕ್ಕೆ ಹಾನಿ ಮಾಡದ ಯಾವ ಸಾಧನವನ್ನಾದರೂ ಗಿರಾಕಿ ಜೋಡಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೊಂಡ ಮೋಡೆಮ್ಮು, ಫ್ಯಾಕ್ಸ್‌ಗಳಿಗೆ ಬಾಗಿಲು ತೆರೆದದ್ದು ಈ ನಿರ್ಣಯ.

ಕಂಪ್ಯೂಟರಿನ ಲೋಕದಲ್ಲಿ ಅಂಥದೇ ತಿರುವು ಬಂದದ್ದು 1981ರಲ್ಲಿ. ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರ ಒಳರಚನೆಯ ವಿವರಗಳನ್ನೂ ಪ್ರಕಟಿಸಿತು. ಬೇರೆಯವರು ಅದಕ್ಕೆ ಕಾರ್ಡುಗಳನ್ನು ತಯಾರಿಸಲೆಂಬುದೇ ಉದ್ದೇಶ. ಆದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ ಹಕ್ಕು ಮಾತ್ರ ತನ್ನದೇ ಎಂದಿತು. ಕಾಂಪ್ಯಾಕ್ ಕಂಪನಿ ಇದಕ್ಕೆ ಒಂದು ದಾರಿ ಹುಡುಕಿತು. ಒಂದು ತಂಡ ಐಬಿಎಂ ತಂತ್ರಾಂಶ ಏನೇನು ಮಾಡುತ್ತದೆಂದು ನೋಡಿ ಬರೆದಿಟ್ಟಿತು. ಮೂಲವನ್ನು ಕಣ್ಣಿಂದಲೂ ಕಾಣದ ಇನ್ನೊಂದು ತಂಡ ಆ ಬರಹವನ್ನು ಮಾತ್ರ ನೋಡಿ ಹೊಸದಾಗಿ ತಂತ್ರಾಂಶ ರಚಿಸಿತು. ನಕಲು ಮಾಡಿದ ಆರೋಪಕ್ಕೆ ಎಡೆಯಿಲ್ಲ, ಕೆಲಸವೂ ಆಯಿತು. ಈ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ವೈಫೈ ಕತೆಯಲ್ಲಿ ಇದು ಮತ್ತೆ ಬರಲಿದೆ.

ಇದೇ ಕಾಲದಲ್ಲಿ, 1980ರ ಸುಮಾರಿಗೆ, ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣನಿಗೆ ಒಂದು ಪ್ರಿಂಟರ್ ತಲೆನೋವಾಗಿತ್ತು. ಝೆರಾಕ್ಸ್ ಕಂಪನಿ ಕೊಟ್ಟ ಆ ಯಂತ್ರದಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಚಾಲಕ ತಂತ್ರಾಂಶವನ್ನು ತಿದ್ದೋಣವೆಂದರೆ ಅದರ ಮೂಲಪಾಠ ಕೊಡಲು ಯಾರೂ ಒಪ್ಪಲಿಲ್ಲ. ಹಣ ಕೊಟ್ಟೋ ದಾನವಾಗಿಯೋ ಪಡೆದ ಯಂತ್ರದ ಒಳಗುಟ್ಟು ಅದರ ಬಳಕೆದಾರನಿಗೇ ನಿಷಿದ್ಧವಾಗಬೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1983ರಲ್ಲಿ ಅವರು ಸಾರಿದ ಸ್ವತಂತ್ರ ತಂತ್ರಾಂಶ ಚಳವಳಿಗೆ ಒಂದು ಪ್ರೇರಣೆ ಆ ಪ್ರಿಂಟರ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಚಳವಳಿಯೊಂದಿಗೆ ಬೆಳೆಯಿತು.

ಗುಟ್ಟು ಬಿಡಿಸಿದವರು

2000ದ ದಶಕದಲ್ಲಿ ವೈಫೈ ಮನೆಮನೆಗೆ ಬಂದಾಗ ಚಿಪ್ಪು ತಯಾರಕರು ಹೆಚ್ಚಾಗಿ ವಿಂಡೋಸಿಗೆ ಮಾತ್ರ ಮಾವುತರನ್ನು ಕೊಟ್ಟರು. ಅದೂ ಆ ಹೊತ್ತಿನ ಆವೃತ್ತಿಗೆ. ಮುಂದಿನ ಆವೃತ್ತಿ ಬಂದಾಗ ಹಳೆಯ ಡಾಂಗಲಿಗೆ ಹೊಸ ಮಾವುತನನ್ನು ತಯಾರಿಸುವುದು ಕಂಪನಿಗೆ ಬರೀ ಖರ್ಚಿನ ಬಾಬತ್ತು. ಲಿನಕ್ಸ್ ಬಳಸುವವರು ಮೊದಮೊದಲು 'ಎನ್‌ಡಿಐಎಸ್‌ರ್ಯಾಪರ್' ಎಂಬ ತಂತ್ರಾಂಶದ ಮೂಲಕ ವಿಂಡೋಸಿನ ಡ್ರೈವರನ್ನೇ ಎರವಲು ತಂದು ಹೇಗೋ ದಿನ ದೂಡಿದರು.

ಆಮೇಲೆ ಕೆಲವು ಸ್ವಯಂಸೇವಕರು ಕಾಂಪ್ಯಾಕ್‌ನ ಹಳೆಯ ದಾರಿಯನ್ನೇ ಹಿಡಿದರು. ಬ್ರಾಡ್‌ಕಾಮ್ ಕಂಪನಿಯ ಚಿಪ್ಪು ಹೇಗೆ ನಡೆದುಕೊಳ್ಳುತ್ತದೆಂದು ಒಂದು ಗುಂಪು ಬಿಡಿಸಿ ಬರೆಯಿತು. ಇನ್ನೊಂದು ಗುಂಪು ಅದನ್ನು ಓದಿ ಡ್ರೈವರ್ ರಚಿಸಿತು. 2006ರಲ್ಲಿ ಅದು ಲಿನಕ್ಸಿನ ತಿರುಳಿಗೆ ಸೇರಿತು. 2007ರ ಜನವರಿಯಲ್ಲಿ ಲಿನಕ್ಸಿನ ಪ್ರಮುಖರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್, 'ವಿವರ ಕೊಡಿ, ಡ್ರೈವರ್ ನಾವೇ ಬಿಟ್ಟಿಯಾಗಿ ಬರೆದುಕೊಡುತ್ತೇವೆ' ಎಂಬರ್ಥದ ಬಹಿರಂಗ ಆಹ್ವಾನವನ್ನು ಕಂಪನಿಗಳ ಮುಂದಿಟ್ಟರು. ಗಾಳಿ ನಿಧಾನವಾಗಿ ತಿರುಗಿತು. 2008ರಲ್ಲಿ ಅಥೆರಾಸ್ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. 2010ರಲ್ಲಿ ಬ್ರಾಡ್‌ಕಾಮ್ ಕೂಡ ಅದೇ ದಾರಿಗೆ ಬಂತು. ಹೀಗೆ ತಿರುಳಿಗೆ ಸೇರಿಹೋದ ಡ್ರೈವರುಗಳಿರುವ ಡಾಂಗಲನ್ನು ಇಂದು ಹಳೆಯ ಕಂಪ್ಯೂಟರಿಗೆ ಚುಚ್ಚಿದರೆ ಸಿಡಿಯೂ ಬೇಡ, ಹುಡುಕಾಟವೂ ಬೇಡ.

ಡಬ್ಬಿ ಒಂದೇ, ಒಳಗಿನದು ಬೇರೆ

ಈ ಚರಿತ್ರೆ ತಿಳಿದವರಿಗೆ ಡಾಂಗಲಿನ ಮೊಂಡುತನವನ್ನು ಬಿಡಿಸುವುದು ಕಷ್ಟವಲ್ಲ. ಮೊದಲು ತಿಳಿಯಬೇಕಾದದ್ದು, ಡಬ್ಬಿಯ ಮೇಲಿನ ಹೆಸರು ಮುಖ್ಯವಲ್ಲ, ಒಳಗಿನ ಚಿಪ್ಪು ಮುಖ್ಯ. ಟಿಪಿ-ಲಿಂಕ್‌ನ 'ಡಬ್ಲ್ಯುಎನ್722ಎನ್' ಎಂಬ ಜನಪ್ರಿಯ ಡಾಂಗಲನ್ನೇ ನೋಡಿ. ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ಪಿತ್ತು. ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ಪು ಬಂತು. ಹೆಸರು ಅದೇ, ಮಾವುತ ಬೇರೆ. ಒಂದಕ್ಕೆ ತಕ್ಕ ಡ್ರೈವರ್ ಇನ್ನೊಂದಕ್ಕೆ ಒಗ್ಗದು.

ಚಿಪ್ಪನ್ನು ಪತ್ತೆ ಮಾಡಲು ಆ ಎರಡು ಗುರುತು ಸಂಖ್ಯೆಗಳೇ ಆಧಾರ. ವಿಂಡೋಸಿನಲ್ಲಿ 'ಡಿವೈಸ್ ಮ್ಯಾನೇಜರ್' ತೆರೆದು, ಹಳದಿ ಗುರುತು ಬಿದ್ದಿರುವ ಸಾಧನದ 'ಪ್ರಾಪರ್ಟೀಸ್'ನಲ್ಲಿ 'ಡೀಟೇಲ್ಸ್' ಎಂಬಲ್ಲಿ 'ಹಾರ್ಡ್‌ವೇರ್ ಐಡಿ' ನೋಡಿದರೆ ಅವು ಕಾಣುತ್ತವೆ. ಲಿನಕ್ಸಿನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಎಂಬ ಆಜ್ಞೆ ಅದನ್ನೇ ತೋರಿಸುತ್ತದೆ. ಆ ಸಂಖ್ಯೆಗೆ ತಕ್ಕ ಡ್ರೈವರನ್ನು ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. 'ಎಲ್ಲ ಡ್ರೈವರುಗಳೂ ಉಚಿತ' ಎಂದು ಕೂಗಿ ಕರೆಯುವ ತಾಣಗಳಲ್ಲಿ ಡ್ರೈವರಿನ ಜೊತೆ ಕಳ್ಳ ತಂತ್ರಾಂಶವೂ ಮನೆ ಹೊಕ್ಕೀತು. ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನೂ ನೋಡಿಕೊಳ್ಳಬೇಕು.

ಇಲ್ಲೊಂದು ತಮಾಷೆಯ ಬಿಕ್ಕಟ್ಟಿದೆ. ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಡ್ರೈವರ್ ತರಲು ಇಂಟರ್‌ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಬೇರೆ ಕಂಪ್ಯೂಟರಿನಿಂದ ಪೆನ್ ಡ್ರೈವಿನಲ್ಲಿ ತರುವುದು ಒಂದು ದಾರಿ. ಮೊಬೈಲ್ ಫೋನನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಅದರ ಇಂಟರ್‌ನೆಟ್ಟನ್ನು ಸ್ವಲ್ಪ ಹೊತ್ತು ಎರವಲು ಪಡೆಯುವುದು ಇನ್ನೊಂದು.

ಡ್ರೈವರ್ ಕೂತ ಮೇಲೂ ಮನೆಯ ಜಾಲ ಕಾಣದಿದ್ದರೆ ಬೀಗದ ಕೈ ನೋಡಬೇಕು. ವೈಫೈಯ ಮೊದಲ ಗುಪ್ತ ಸಂಕೇತವಾದ 'ವೆಪ್' 2001ರಲ್ಲಿಯೇ ಮುರಿದುಬಿತ್ತು. ಅದರ ಜಾಗಕ್ಕೆ 2003ರಲ್ಲಿ 'ಡಬ್ಲ್ಯುಪಿಎ', 2004ರಲ್ಲಿ ಅದರ ಎರಡನೆಯ ಆವೃತ್ತಿ, 2018ರಲ್ಲಿ ಮೂರನೆಯದು ಬಂದವು. ರೌಟರು ಮೂರನೆಯದನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಸಾಧನ ಬಾಗಿಲ ಹೊರಗೇ ನಿಲ್ಲುತ್ತದೆ; ಎರಡನೆಯದಕ್ಕೂ ಅವಕಾಶ ಕೊಟ್ಟರೆ ಒಳಗೆ ಬರುತ್ತದೆ. ಹಾಗೆಯೇ 2.4 ಗಿಗಾಹರ್ಟ್ಸ್‌ನ ಡಾಂಗಲಿಗೆ 5 ಗಿಗಾಹರ್ಟ್ಸ್‌ನ ಜಾಲ ಕೇಳಿಸದು. ಡಾಂಗಲನ್ನು ಪೆಟ್ಟಿಗೆಯ ಹಿಂಬದಿಗೆ ಚುಚ್ಚುವ ಬದಲು ಒಂದು ಮೊಳದ ಯುಎಸ್‌ಬಿ ತಂತಿಯ ತುದಿಯಲ್ಲಿ ಮೇಜಿನ ಮೇಲಿಟ್ಟರೆ ಲೋಹದ ಮರೆ ತಪ್ಪಿ ಅಲೆಗಳು ಚೆನ್ನಾಗಿ ಸಿಗುತ್ತವೆ.

ಯಂತ್ರದ ಆಯುಷ್ಯ ಬರೆಯುವವರು ಯಾರು?

ಕೆಲವು ನೂರು ರೂಪಾಯಿಯ ವಸ್ತುವಿಗೆ ಇಷ್ಟೊಂದು ಪುರಾಣವೇಕೆ ಎಂದು ಕೇಳುವವರಿದ್ದಾರೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು, ಹೊಸ ಪ್ರೊಸೆಸರುಗಳು ಇಲ್ಲದ ಅಸಂಖ್ಯ ಕಂಪ್ಯೂಟರುಗಳು ಯಾವ ರೋಗವೂ ಇಲ್ಲದೆ ಮುದಿಯಾಗಿಬಿಟ್ಟವು. ಬೆಂಬಲ ನಿಂತ ಇಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ ಎಂಬುದೂ ನಿಜ. ಲಿನಕ್ಸ್ ಹಾಕಿಕೊಂಡರೆ ಇಂಥ ಹಲವು ಯಂತ್ರಗಳು ಇನ್ನೂ ಕೆಲವು ವರ್ಷ ಸುರಕ್ಷಿತವಾಗಿ ದುಡಿಯಬಲ್ಲವು. ಲಿನಕ್ಸಿಗೂ ಮಿತಿಯಿದೆ, 2025ರಲ್ಲಿ ಬಂದ ಡೆಬಿಯನ್ 13, ತೀರಾ ಹಳೆಯ 32 ಬಿಟ್ ಪಿಸಿಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಲಭ್ಯವನ್ನು ಕೈಬಿಟ್ಟಿತು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಸುಮಾರು 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸವನ್ನು ಹೊರಹಾಕಿತು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಯ ಲೆಕ್ಕಕ್ಕೆ ಸಿಕ್ಕಿದ್ದು ಕಾಲು ಭಾಗಕ್ಕಿಂತಲೂ ಕಡಿಮೆ. ಆ ರಾಶಿಗೆ ಸೇರುವ ಕಂಪ್ಯೂಟರುಗಳೆಲ್ಲವೂ ಕೆಟ್ಟು ಸೇರುವುದಿಲ್ಲ. ಎಷ್ಟೋ ಯಂತ್ರಗಳು ಒಂದು ಡ್ರೈವರ್ ಸಿಗದೆ, ಜಾಲದ ಸಂಪರ್ಕವಿಲ್ಲದೆ ಮೂಲೆ ಸೇರಿ ಅಲ್ಲಿಂದ ಗುಜರಿಗೆ ಹೋಗುತ್ತವೆ. ಹಳ್ಳಿಯ ಶಾಲೆಗೋ, ಪರೀಕ್ಷೆಗೆ ಓದುವ ಬಡ ವಿದ್ಯಾರ್ಥಿಗೋ ಅಂಥದೊಂದು ಯಂತ್ರವೇ ಇಡೀ ಗ್ರಂಥಾಲಯವಾಗಬಹುದಿತ್ತು.

ಯಂತ್ರದ ಆಯುಷ್ಯವನ್ನು ಅದರ ಬಿಡಿಭಾಗಗಳ ಸವಕಳಿಯೊಂದೇ ನಿರ್ಧರಿಸುವುದಿಲ್ಲ. ಅದರ ಭಾಷೆಯ ವ್ಯಾಕರಣವನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ, ಆ ಪುಸ್ತಕ ಎಲ್ಲರಿಗೂ ತೆರೆದಿದೆಯೇ ಎಂಬುದೂ ನಿರ್ಧರಿಸುತ್ತದೆ. ಟೆಕ್ಸಸ್‌ನ ಕಾರ್ಟರ್ ಕೇಳಿದ್ದು ಅದನ್ನೇ, ಪ್ರಿಂಟರಿನ ಮುಂದೆ ನಿಂತ ಸ್ಟಾಲ್‌ಮನ್ ಕೇಳಿದ್ದೂ ಅದನ್ನೇ. ಹಾಗಾಗಿ ಮುಂದಿನ ಬಾರಿ ಡಾಂಗಲ್ ಕೊಳ್ಳುವಾಗ ಬೆಲೆ ಕೇಳುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: 'ಇದರ ಒಳಗಿರುವ ಚಿಪ್ಪು ಯಾವುದು?' ಗಿರಾಕಿಗಳೆಲ್ಲ ಈ ಪ್ರಶ್ನೆ ಕೇಳತೊಡಗಿದರೆ ಡಬ್ಬಿಯ ಮೇಲೆ ಅದರ ಉತ್ತರವನ್ನೂ ಅಚ್ಚುಹಾಕುವ ಕಾಲ ಬಂದೀತು.